ಮೂಳೆ ಓದಿದ ಬಡಗಿಯ ಮಗಳು

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ

ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದ ವಿಕಾಸದ ಅಧ್ಯಾಯದಲ್ಲಿ ಇಕ್ತಿಯೋಸಾರ್ ಎಂಬ ಹೆಸರು ಬರುತ್ತದೆ. ನೆಲದ ಮೇಲಿದ್ದ ಕೆಲವು ಸರೀಸೃಪಗಳು ಸುಮಾರು 20 ಕೋಟಿ ವರ್ಷಗಳ ಹಿಂದೆ ಮರಳಿ ನೀರಿಗಿಳಿದು ಮೀನಿನಂಥ ಪ್ರಾಣಿಗಳಾದವು ಎಂದು ಹೇಳಿ ಪುಸ್ತಕ ಮುಂದಕ್ಕೆ ಹೋಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೀನಿನ ಹಾಗೆ ಕಾಣುವ ಆ ಪ್ರಾಣಿ ಮೀನಲ್ಲ, ಸರೀಸೃಪ ಎಂದು ಯಾರು ತೀರ್ಮಾನಿಸಿದರು? ಬಂಡೆಯೊಳಗೆ ಚಪ್ಪಟೆಯಾಗಿ ಸಿಕ್ಕ ಮೂಳೆ ನೋಡಿ ಅದನ್ನು ಹೇಗೆ ತಿಳಿದರು? ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮ ಮುಂದೆ ಸ್ಪಾಟರ್ ಇಟ್ಟು, ಗುರುತಿಸಿ ಎರಡು ಕಾರಣ ಬರೆಯಲು ಹೇಳುತ್ತಾರೆ. ನಾವು ವರ್ಷವಿಡೀ ರೆಕಾರ್ಡ್ ಬರೆದು, ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿರುತ್ತೇವೆ. ಹೆಸರೇ ಇನ್ನೂ ಹುಟ್ಟದ ಪ್ರಾಣಿಯೊಂದು ಸ್ಪಾಟರ್ ಆಗಿ ಎದುರಿಗೆ ಬಂದರೆ ಏನು ಬರೆಯುವುದು?

ಹಾಗೆ ಬಂದದ್ದು ಇಂಗ್ಲೆಂಡಿನ ಒಬ್ಬ ಬಡಗಿಯ ಮಗಳ ಎದುರಿಗೆ. ಆಕೆಯ ಹೆಸರು ಮೇರಿ ಆ್ಯನಿಂಗ್.

1799ರ ಮೇ 21ರಂದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಲೈಮ್ ರೀಜಿಸ್ ಎಂಬ ಸಣ್ಣ ಊರಿನಲ್ಲಿ ಮೇರಿ ಹುಟ್ಟಿದಳು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಮಡಿದದ್ದು ಅದೇ ತಿಂಗಳ 4ರಂದು. ಇಸವಿ ನೆನಪಿಟ್ಟುಕೊಳ್ಳಲು ನಾನು ಹೀಗೇ ಲೆಕ್ಕ ಹಾಕಿಕೊಂಡೆ, ಹದಿನೇಳು ದಿನದ ಅಂತರ. ಅಪ್ಪ ರಿಚರ್ಡ್ ಕಪಾಟು, ಪೆಟ್ಟಿಗೆ ಮಾಡುವ ಬಡಗಿ. ಹುಟ್ಟಿದ ಮಕ್ಕಳಲ್ಲಿ ದೊಡ್ಡವರಾಗಿ ಬದುಕಿದ್ದು ಇಬ್ಬರೇ, ಅಣ್ಣ ಜೋಸೆಫ್ ಮತ್ತು ಮೇರಿ. ಮೇರಿ ಎಂಬ ಹೆಸರು ಕೂಡ ತೀರಿಹೋದ ಅಕ್ಕನದು. ಬಟ್ಟೆಗೆ ಬೆಂಕಿ ಹತ್ತಿ ಆ ಮಗು ಸತ್ತ ಮೇಲೆ ಹುಟ್ಟಿದ ಇವಳಿಗೆ ಅದೇ ಹೆಸರಿಟ್ಟರು. ಈಕೆಯೂ ಉಳಿಯುವುದು ಕಷ್ಟವಿತ್ತು. 1800ರ ಆಗಸ್ಟ್‌ನಲ್ಲಿ, ಹದಿನೈದು ತಿಂಗಳ ಕೂಸನ್ನು ಎತ್ತಿಕೊಂಡು ಮರದ ಕೆಳಗೆ ನಿಂತಿದ್ದ ಹೆಂಗಸಿಗೆ ಸಿಡಿಲು ಬಡಿಯಿತು. ಅಲ್ಲಿದ್ದ ಮೂವರು ಹೆಂಗಸರೂ ಸತ್ತರು, ಕೂಸು ಉಳಿಯಿತು. ಸಿಡಿಲು ತಾಗಿದ್ದರಿಂದಲೇ ಈ ಹುಡುಗಿ ಚುರುಕಾದಳು ಎಂದು ಊರವರು ಬಹಳ ಕಾಲ ಹೇಳುತ್ತಿದ್ದರಂತೆ. ಬುದ್ಧಿವಂತೆಯಾದ ಹುಡುಗಿಯನ್ನು ಕಂಡರೆ ಊರಿಗೆ ಏನಾದರೊಂದು ಕಾರಣ ಬೇಕಾಗುತ್ತದೆ.

ಆ ಊರಿನ ಸಮುದ್ರದಂಡೆ ಉದ್ದಕ್ಕೂ ಕಡಿದಾದ ಧರೆ. ಬೂದು ಬಣ್ಣದ ಸುಣ್ಣಕಲ್ಲು ಒಂದು ಪದರ, ಜೇಡಿಯಂಥ ಮೆತ್ತನೆಯ ಕಲ್ಲು ಇನ್ನೊಂದು ಪದರ, ಹೀಗೆ ಒಂದರ ಮೇಲೊಂದು ಅಡುಕಿದ ಹಾಗೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅದು ಸಮುದ್ರದ ತಳ. ಚಳಿಗಾಲದ ಬಿರುಗಾಳಿಗೆ ಧರೆ ಕುಸಿದು ಹೊಸ ಮುಖ ತೆರೆದುಕೊಳ್ಳುತ್ತದೆ, ಒಳಗಿದ್ದ ಚಿಪ್ಪು, ಮೂಳೆ ಹೊರಗೆ ಬೀಳುತ್ತವೆ. ಬೇಗ ಹೋಗಿ ಆರಿಸದಿದ್ದರೆ ಅಲೆ ಬಂದು ಒಡೆದುಹಾಕುತ್ತದೆ. ಮಳೆಗಾಲದಲ್ಲಿ ಧರೆ ಕುಸಿಯುವುದನ್ನು ಕಂಡ ಮಲೆನಾಡಿನವರಿಗೆ ಇದರ ಅಪಾಯ ಗೊತ್ತು. ರಿಚರ್ಡ್ ಬಿಡುವಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಈ ಕಲ್ಲುಗಳನ್ನು ಆರಿಸಿ ತಂದು, ಮನೆ ಮುಂದೆ ಮೇಜು ಹಾಕಿ ಪ್ರವಾಸಿಗರಿಗೆ ಮಾರುತ್ತಿದ್ದ. ಸುರುಳಿ ಸುತ್ತಿದ ಅಮೋನೈಟ್‌ಗಳಿಗೆ ಅಲ್ಲಿ ಹಾವುಕಲ್ಲು ಎಂಬ ಹೆಸರು. ನಮ್ಮಲ್ಲಿ ಹಿಂದೂ ಮನೆಗಳಲ್ಲಿ ಪೂಜೆಗೆ ಇಡುವ ಸಾಲಿಗ್ರಾಮದ ಸುರುಳಿಯೂ ಇಂಥ ಅಮೋನೈಟ್‌ನದೇ, ಅದು ನೇಪಾಳದ ಗಂಡಕಿ ನದಿಯಿಂದ ಬರುತ್ತದೆ.

1810ರಲ್ಲಿ ರಿಚರ್ಡ್ ತೀರಿಕೊಂಡ. ಕ್ಷಯ ಇತ್ತು, ಜೊತೆಗೆ ಧರೆಯಿಂದ ಬಿದ್ದ ಪೆಟ್ಟು. ಬಿಟ್ಟುಹೋದದ್ದು 120 ಪೌಂಡ್ ಸಾಲ. ಬಡವರಿಗೆ ಊರಿನ ನಿಧಿಯಿಂದ ಕೊಡುತ್ತಿದ್ದ ಸಹಾಯದಲ್ಲಿ ಮನೆ ನಡೆಯಬೇಕಾಯಿತು. ಮೇರಿಗೆ ಆಗ ಹನ್ನೊಂದು ವರ್ಷ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಆ್ಯನಿಂಗ್ ಕುಟುಂಬ ಕ್ರೈಸ್ತರೇ ಆದರೂ ಸರ್ಕಾರದ ಅಧಿಕೃತ ಚರ್ಚಿಗೆ ಸೇರಿರಲಿಲ್ಲ. ಅಂಥವರನ್ನು ಡಿಸೆಂಟರ್ ಎಂದು ಕರೆಯುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಅವರಿಗೆ ಪದವಿ ಸಿಗುತ್ತಿರಲಿಲ್ಲ, ಎಷ್ಟೋ ಹುದ್ದೆಗಳ ಬಾಗಿಲು ಮುಚ್ಚಿತ್ತು. ಅದಕ್ಕೆ ಆ ಸಮುದಾಯದವರು ಬಡ ಮಕ್ಕಳಿಗೆ ತಾವೇ ಭಾನುವಾರದ ಶಾಲೆ ನಡೆಸಿ ಓದು ಬರಹ ಕಲಿಸುತ್ತಿದ್ದರು. ಮೇರಿ ಕಲಿತದ್ದು ಅಲ್ಲಿ. ಆಕೆಯ ಶಾಲೆ ಎಂದರೆ ಅಷ್ಟೇ. ಸಣ್ಣ ಸಮುದಾಯವೊಂದು ತನ್ನ ಕೈಯಾರೆ ಕಟ್ಟಿಕೊಂಡ ಶಾಲೆಯಿಂದ ಏನಾಗುತ್ತದೆ ಎಂಬುದನ್ನು ನಮ್ಮ ಕಾಲೇಜಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಅಪ್ಪ ಸತ್ತ ಮರುವರ್ಷ, 1811ರಲ್ಲಿ, ಜೋಸೆಫ್ ಧರೆಯಲ್ಲಿ ಒಂದು ತಲೆಬುರುಡೆ ಕಂಡ. ನಾಲ್ಕು ಅಡಿ ಉದ್ದ, ಸಾಲು ಹಲ್ಲು, ತಟ್ಟೆಯಷ್ಟು ದೊಡ್ಡ ಕಣ್ಣಿನ ಗುಳಿ. ಊರವರು ಮೊಸಳೆ ಎಂದರು. ಜೋಸೆಫ್ ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸ ಕಲಿಯುತ್ತಿದ್ದ, ಅವನಿಗೆ ಪುರುಸೊತ್ತಿಲ್ಲ. ಮುಂದಿನ ವರ್ಷ ಧರೆ ಮತ್ತಷ್ಟು ಕುಸಿದಾಗ ಅದರ ಮುಂಡದ ಭಾಗವನ್ನು ಹುಡುಕಿ ತೆಗೆದವಳು ಮೇರಿ. ಕೂಲಿಯವರನ್ನು ಹಚ್ಚಿ ಕಲ್ಲು ಸಮೇತ ಬಿಡಿಸಿದರು. ಒಟ್ಟು ಉದ್ದ ಸುಮಾರು 17 ಅಡಿ. ಊರಿನ ಜಮೀನುದಾರ ಹೆನ್ಲಿ ಅದನ್ನು 23 ಪೌಂಡಿಗೆ ಕೊಂಡ. ಅಲ್ಲಿಂದ ಅದು ಲಂಡನ್ನಿನ ಪ್ರದರ್ಶನಕ್ಕೆ ಹೋಯಿತು, 1819ರಲ್ಲಿ ಹರಾಜಿನಲ್ಲಿ ಇಮ್ಮಡಿಗೆ ಸಮೀಪದ ಬೆಲೆಗೆ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಈಗ ಬರುತ್ತದೆ ಸ್ಪಾಟರ್ ಪ್ರಶ್ನೆ. ಇದೇನು?

ಉತ್ತರ ಬರೆಯಲು ಕೂತವನು ಸಾಮಾನ್ಯನಲ್ಲ. ರಾಜನಿಗೆ ಶಸ್ತ್ರಚಿಕಿತ್ಸಕನಾಗಿದ್ದ ಸರ್ ಎವರರ್ಡ್ ಹೋಮ್. 1814ರಿಂದ ಸಾಲಾಗಿ ಲೇಖನ ಬರೆದ. ಮೊದಲು ಮೀನಿನ ಬಳಗ ಎಂದ. ಆಮೇಲೆ, ಆಗಷ್ಟೇ ಆಸ್ಟ್ರೇಲಿಯಾದಿಂದ ಸುದ್ದಿಯಾಗಿದ್ದ ಪ್ಲಾಟಿಪಸ್‌ಗೆ ಹತ್ತಿರವೇನೋ ಎಂದುಕೊಂಡ. ಕೊನೆಗೆ 1819ರಲ್ಲಿ ಸಾಲಮಾಂಡರ್ ಮತ್ತು ಹಲ್ಲಿಗಳ ನಡುವಿನದು ಎಂದು ಹೇಳಿ ಪ್ರೋಟಿಯೋಸಾರಸ್ ಎಂಬ ಹೆಸರು ಕೊಟ್ಟ. ಅಷ್ಟರಲ್ಲಿ, 1817ರಲ್ಲೇ, ಮ್ಯೂಸಿಯಂನ ಚಾರ್ಲ್ಸ್ ಕೋನಿಗ್ ಇಕ್ತಿಯೋಸಾರಸ್ ಎಂಬ ಹೆಸರು ಸೂಚಿಸಿಯಾಗಿತ್ತು. ಗ್ರೀಕಿನಲ್ಲಿ ಇಕ್ತಿಸ್ ಎಂದರೆ ಮೀನು, ಸಾರೋಸ್ ಎಂದರೆ ಹಲ್ಲಿ. ಉಳಿದದ್ದು ಆ ಹೆಸರೇ.

ಹೋಮ್ ಗೊಂದಲಕ್ಕೆ ಕಾರಣವಿತ್ತು. ನಾನು ಇದನ್ನು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಬೆನ್ನುಮೂಳೆಯ ಮಣಿಗಳು ಎರಡೂ ಕಡೆ ಬಟ್ಟಲಿನ ಹಾಗೆ ತಗ್ಗಾಗಿವೆ, ಅದು ಮೀನಿನ ಲಕ್ಷಣ. ಮೈಯೂ ಮೀನಿನದೇ. ಉದ್ದ ಮೂತಿ ಮೊಸಳೆಯದು. ಆದರೆ ಮೊಸಳೆಯ ಪ್ರತಿ ಹಲ್ಲಿಗೂ ಬೇರೆ ಬೇರೆ ಗುಳಿ ಇರುತ್ತದೆ, ಇಲ್ಲಿ ಹಲ್ಲುಗಳೆಲ್ಲ ಒಂದೇ ಉದ್ದ ಕಾಲುವೆಯಲ್ಲಿ ನಿಂತಿವೆ. ಮೊಸಳೆಯ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿ, ಇದರದು ಕಣ್ಣಿನ ಸಮೀಪ. ಕಣ್ಣಿನ ಸುತ್ತ ಎಲುಬಿನ ಬಿಲ್ಲೆಗಳ ಬಳೆಯಿದೆ, ಅದು ಮೊಸಳೆಗಿಲ್ಲ. ಇನ್ನು ಈಜುಗಾಲು. ಹೊರಗಿನಿಂದ ನೋಡಿದರೆ ಮೀನಿನ ರೆಕ್ಕೆ. ಒಳಗೆ ನೋಡಿದರೆ ನಮ್ಮ ತೋಳಿನಂತೆ ಮೇಲೊಂದು ಮೂಳೆ, ಅದರ ಕೆಳಗೆ ಎರಡು, ಆಮೇಲೆ ಬೆರಳಿನ ಮೂಳೆಗಳು, ಅವು ಮಾತ್ರ ಲೆಕ್ಕಕ್ಕಿಂತ ಹೆಚ್ಚಾಗಿ, ಚೌಕಾಬಾರದ ಮನೆಗಳ ಹಾಗೆ ಒತ್ತೊತ್ತಾಗಿ. ಮೀನಿಗೆ ತೋಳಿನ ಮೂಳೆ ಎಲ್ಲಿಂದ ಬರಬೇಕು? ನೆಲದ ಮೇಲೆ ನಡೆದ ಪೂರ್ವಜರಿದ್ದರೆ ಮಾತ್ರ ಬರುತ್ತದೆ. ಹಾಗಾಗಿ ಮೀನಿನ ಆಕಾರ ನೀರಿನ ಬದುಕು ಕೊಟ್ಟದ್ದು, ಮೂಳೆಯ ಜೋಡಣೆ ವಂಶ ಕೊಟ್ಟದ್ದು. ಇಂದು ನಾವು ಡಾಲ್ಫಿನ್ ಉದಾಹರಣೆ ಕೊಟ್ಟು ಕನ್ವರ್ಜೆಂಟ್ ವಿಕಾಸ ಎಂದು ಐದು ಅಂಕಕ್ಕೆ ಬರೆಯುವ ಉತ್ತರದ ತಿರುಳು ಇದೇ.

ನಮ್ಮ ಅಬ್ಬಾ ಫರ್ನಿಚರ್ ಕೆಲಸದವರು. ಮುರಿದ ಕಾಲೊಂದನ್ನು ಕೈಗೆ ಕೊಟ್ಟರೆ, ತೂತು ಎಲ್ಲಿದೆ, ಎಷ್ಟು ಸವೆದಿದೆ ಎಂದು ನೋಡಿಯೇ ಅದು ಮಂಚದ್ದೋ ಮೇಜಿನದ್ದೋ ಹೇಳಿಬಿಡುತ್ತಾರೆ. ಬಣ್ಣ, ಪಾಲಿಶ್ ನೋಡುವುದಿಲ್ಲ, ಜೋಡಣೆ ನೋಡುತ್ತಾರೆ. ಮೇರಿ ಮೂಳೆ ಗುರುತಿಸಿದ ಬಗೆ ಓದುವಾಗ ನನಗೆ ಇದೇ ನೆನಪಾಗುತ್ತಿತ್ತು.

ಈ ಮೂಳೆಗಳ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದಿತ್ತು. ಸೃಷ್ಟಿಯಾದ ಯಾವ ಜೀವಿಯೂ ಪೂರ್ತಿ ಅಳಿದುಹೋಗುವುದಿಲ್ಲ ಎಂದು ಆ ಕಾಲದ ಬಹಳ ಜನ ನಂಬಿದ್ದರು. ಗೊತ್ತಿಲ್ಲದ ಮೂಳೆ ಸಿಕ್ಕರೆ, ಆ ಪ್ರಾಣಿ ಭೂಮಿಯ ಯಾವುದೋ ಮೂಲೆಯಲ್ಲಿ ಇನ್ನೂ ಇದ್ದೀತು ಎನ್ನುತ್ತಿದ್ದರು. ಪ್ಯಾರಿಸ್ಸಿನ ಜಾರ್ಜ್ ಕ್ಯುವಿಯೆ ಆನೆಗಳ ಮೂಳೆ ಹೋಲಿಸಿ, ಅಳಿದ ಪ್ರಾಣಿಗಳು ಇದ್ದವು ಎಂದು ತೋರಿಸಿದ್ದ. ನೆದರ್‌ಲೆಂಡ್ಸಿನ ಗಣಿಯಲ್ಲಿ ಸಿಕ್ಕಿದ್ದ ದೊಡ್ಡ ದವಡೆ ತಿಮಿಂಗಿಲದ್ದೂ ಅಲ್ಲ, ಮೊಸಳೆಯದೂ ಅಲ್ಲ, ಸಮುದ್ರದಲ್ಲಿದ್ದ ಭಾರಿ ಹಲ್ಲಿಯದು ಎಂದು 1808ರಲ್ಲಿ ಬರೆದವನೂ ಅವನೇ. ಅದಕ್ಕೆ ಆಮೇಲೆ ಮೋಸಾಸಾರಸ್ ಎಂಬ ಹೆಸರಾಯಿತು. ಲೈಮ್ ರೀಜಿಸ್‌ನ ಮೂಳೆಗಳು ಈ ವಾದಕ್ಕೆ ಬಲವಾದ ಸಾಕ್ಷಿಗಳಾದವು. ಅವನ್ನು ವಿವರಿಸಿದ ವಿಲಿಯಂ ಬಕ್ಲೆಂಡ್, ವಿಲಿಯಂ ಕಾನಿಬೇರ್ ಇಬ್ಬರೂ ಪಾದ್ರಿಗಳಾಗಿದ್ದರು ಎಂಬುದು ನನಗೆ ಇಷ್ಟವಾದ ಸಂಗತಿ. ಮೇರಿಯೂ ಕಡೆಯವರೆಗೆ ದೈವಭಕ್ತೆ.

ಮೂಳೆ ಸಿಕ್ಕರೂ ಮನೆಯ ಬಡತನ ಹೋಗಲಿಲ್ಲ. ಒಂದು ವರ್ಷ ಸಿಗುತ್ತದೆ, ಮುಂದಿನ ವರ್ಷ ಏನೂ ಇಲ್ಲ. ಬಾಡಿಗೆ ಕಟ್ಟಲು ಮನೆಯ ಸಾಮಾನು ಮಾರುವ ಸ್ಥಿತಿಗೆ ಬಂದಾಗ, ಅವರ ಗಿರಾಕಿಯಾಗಿದ್ದ ಥಾಮಸ್ ಬರ್ಚ್ ಎಂಬ ನಿವೃತ್ತ ಸೇನಾಧಿಕಾರಿ 1820ರಲ್ಲಿ ತನ್ನ ಪಳೆಯುಳಿಕೆ ಸಂಗ್ರಹವನ್ನೇ ಹರಾಜು ಹಾಕಿ ಸಹಾಯ ಮಾಡಿದ. ಹರಾಜಿನಲ್ಲಿ ಬಂದದ್ದು ಸುಮಾರು 400 ಪೌಂಡ್. ಅಲ್ಲಿಂದ ವಿದ್ವಾಂಸರ ನಡುವೆ ಆ್ಯನಿಂಗ್ ಎಂಬ ಹೆಸರು ಓಡಾಡತೊಡಗಿತು.

ಮೇರಿ ಮಾಡಿದ್ದು ಆರಿಸುವ ಕೆಲಸ ಮಾತ್ರ ಎಂದು ಕೆಲವು ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದುಡ್ಡು ಕೊಟ್ಟು ಕೊಳ್ಳಲಾಗದ ವಿಜ್ಞಾನ ಲೇಖನಗಳನ್ನು ಆಕೆ ಎರವಲು ತಂದು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು, ಚಿತ್ರಗಳ ಸಮೇತ. ಆ ಚಿತ್ರಗಳು ಮೂಲಕ್ಕೆ ಎಷ್ಟು ಹತ್ತಿರ ಎಂದರೆ ಪಕ್ಕಪಕ್ಕ ಇಟ್ಟರೆ ತಡವರಿಸಬೇಕು. ಜೆರಾಕ್ಸ್ ಅಂಗಡಿಗೆ ಓಡುವ ನಮಗೆ ಒಂದು ಪ್ರಬಂಧವನ್ನು ಹಾಗೆ ಬರೆದರೆ ಎಷ್ಟು ತಲೆಗೆ ಹೋಗುತ್ತದೆ ಎಂಬ ಅಂದಾಜೂ ಇಲ್ಲ. ಮೀನು, ಕಟಲ್‌ಫಿಶ್ ತಂದು ಸ್ವತಃ ಕೊಯ್ದು ಒಳಗಿನ ಜೋಡಣೆ ನೋಡುತ್ತಿದ್ದಳು, ಬಂಡೆಯಲ್ಲಿ ಸಿಕ್ಕ ಪ್ರಾಣಿಯನ್ನು ಇಂದಿನ ಪ್ರಾಣಿಯ ಪಕ್ಕದಲ್ಲಿ ಇಟ್ಟು ನೋಡಬೇಕಲ್ಲ. 1824ರಲ್ಲಿ ಅಂಗಡಿಗೆ ಬಂದಿದ್ದ ಶ್ರೀಮಂತ ಮಹಿಳೆಯೊಬ್ಬಳು ದಿನಚರಿಯಲ್ಲಿ ಅಚ್ಚರಿಪಟ್ಟು ಬರೆದಿಟ್ಟಿದ್ದಾಳೆ: ಈ ಹುಡುಗಿ ಮೂಳೆ ಕಂಡ ಕೂಡಲೇ ಅದು ಯಾವ ಬಳಗದ್ದು ಎಂದು ಹೇಳುತ್ತಾಳೆ, ಚೌಕಟ್ಟಿನಲ್ಲಿ ಗಾರೆ ಹಾಕಿ ಕೂರಿಸುತ್ತಾಳೆ, ಚಿತ್ರ ಬರೆಯುತ್ತಾಳೆ, ಪ್ರೊಫೆಸರುಗಳ ಜೊತೆ ಮಾತಾಡುತ್ತಾಳೆ. ಅಕ್ಷರದ ಬಾಗು ನೋಡಿ ಶಾಸನದ ಕಾಲ ಹೇಳುವವರು ನಮ್ಮ ತಾಳಗುಂದಕ್ಕೆ ಬರುತ್ತಾರೆ. ಅವರ ವಿದ್ಯೆಯನ್ನು ನಾವು ಆರಿಸುವ ಕೆಲಸ ಎನ್ನುವುದಿಲ್ಲ.

ಆ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಆಕೆಗೆ 24 ವರ್ಷವಾದಾಗ.

1821ರಲ್ಲಿ ಕಾನಿಬೇರ್ ಮತ್ತು ಹೆನ್ರಿ ಡಿ ಲಾ ಬೀಶ್ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಲೈಮ್‌ನ ಮೂಳೆಗಳ ರಾಶಿಯಲ್ಲಿ ಇಕ್ತಿಯೋಸಾರ್‌ಗೆ ಹೊಂದದ ಕೆಲವು ಮೂಳೆಗಳಿವೆ, ಬೆನ್ನಿನ ಮಣಿ ಬೇರೆ ರೀತಿ, ಈಜುಗಾಲು ಬೇರೆ ರೀತಿ, ಇದು ಇನ್ನೊಂದೇ ಪ್ರಾಣಿ ಎಂಬುದು ಅವರ ವಾದ. ಇಕ್ತಿಯೋಸಾರ್‌ಗಿಂತ ಸರೀಸೃಪಗಳಿಗೆ ಹತ್ತಿರ ಎಂಬ ಅರ್ಥದಲ್ಲಿ ಪ್ಲೀಸಿಯೋಸಾರಸ್ ಎಂದು ಹೆಸರಿಟ್ಟರು. ಆದರೆ ಕೈಯಲ್ಲಿ ಇದ್ದದ್ದು ಬಿಡಿಭಾಗಗಳು. ತಲೆ ಹೇಗಿತ್ತೋ ಯಾರೂ ಕಂಡಿರಲಿಲ್ಲ. ಊಹೆ ಸರಿಯೋ ಅಲ್ಲವೋ ಹೇಳಲು ಪೂರ್ತಿ ಅಸ್ಥಿಪಂಜರವೇ ಬೇಕು.

1823ರ ಡಿಸೆಂಬರ್ 10ರಂದು ಮೇರಿಗೆ ಅದು ಸಿಕ್ಕಿತು. ಸುಮಾರು ಒಂಬತ್ತು ಅಡಿ ಉದ್ದ. ಅಗಲವಾದ ಮೈ, ಗಿಡ್ಡ ಬಾಲ, ನಾಲ್ಕು ಈಜುಗಾಲು. ತಲೆ ಮಾತ್ರ ಅಂಗೈಯಷ್ಟು, ಅದನ್ನು ಮೈಗೆ ಸೇರಿಸಿದ ಕುತ್ತಿಗೆ ಹಾವಿನಷ್ಟು ಉದ್ದ. ಮೇರಿ ಅದರ ಚಿತ್ರ ಬರೆದು ಕಳಿಸಿದಳು.

ಚಿತ್ರ ಪ್ಯಾರಿಸ್ಸಿಗೆ ತಲುಪಿದಾಗ ಕ್ಯುವಿಯೆ ನಂಬಲಿಲ್ಲ. ಕಾನಿಬೇರ್ ಎಣಿಸಿದ ಪ್ರಕಾರ ಕುತ್ತಿಗೆಯಲ್ಲಿ 35 ಮಣಿಗಳು. ಮನುಷ್ಯನಿಗೂ ಜಿರಾಫೆಗೂ ಏಳೇ. ಗೊತ್ತಿದ್ದ ಸರೀಸೃಪಗಳಲ್ಲಿ ಯಾವುದಕ್ಕೂ ಇಂಥ ಕುತ್ತಿಗೆ ಇರಲಿಲ್ಲ. ಒಂದು ಪ್ರಾಣಿಯ ಮೈಗೆ ಇನ್ನೊಂದರ ತಲೆ ಕುತ್ತಿಗೆ ಅಂಟಿಸಿದ್ದಾರೆ ಎಂದು ಆತ ಸಂಶಯಪಟ್ಟ. ಸಂಶಯ ಪೂರ್ತಿ ಅನ್ಯಾಯವೂ ಅಲ್ಲ. ಬೆಲೆ ಹೆಚ್ಚಿಸಲು ಬಿಡಿ ಮೂಳೆಗಳನ್ನು ಜೋಡಿಸಿ ಮಾರುವ ವ್ಯಾಪಾರಿಗಳು ಆಗಲೂ ಇದ್ದರು. ಆದರೆ ಯುರೋಪಿನ ಅತಿ ದೊಡ್ಡ ಅಂಗರಚನಾ ತಜ್ಞ ನಕಲಿ ಎಂದುಬಿಟ್ಟರೆ ಮೇರಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮನೆಗೆ ಇದ್ದದ್ದು ಒಂದೇ ಬಂಡವಾಳ, ಇವರು ಕೊಡುವ ಮೂಳೆ ಅಸಲಿ ಎಂಬ ನಂಬಿಕೆ. ಅದು ಹೋದರೆ ಯಾವ ಮ್ಯೂಸಿಯಂ, ಯಾವ ಪ್ರೊಫೆಸರ್ ಬಾಗಿಲಿಗೆ ಬಂದಾನು? ಆಕೆಗೆ ಪದವಿ ಇರಲಿಲ್ಲ, ಹಣವಿರಲಿಲ್ಲ. ಸಭೆಯಲ್ಲಿ ನಿಂತು ಉತ್ತರ ಕೊಡುವ ಹಕ್ಕೂ ಇರಲಿಲ್ಲ. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ.

ಉತ್ತರ ಕೊಟ್ಟದ್ದು ಮೂಳೆಗಳೇ. ಪಳೆಯುಳಿಕೆಯನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಿದರು. ಅದು ಸಮುದ್ರದಲ್ಲಿ ದಿನಗಟ್ಟಲೆ ತಡವಾಯಿತು, ಬಂದ ಮೇಲೂ ಸೊಸೈಟಿಯ ಮೆಟ್ಟಿಲು ಹತ್ತಿಸಲಾಗದೆ ಕೆಳಗೇ ಇಡಬೇಕಾಯಿತು. ತಜ್ಞರು ಮಣಿ ಮಣಿಯನ್ನೂ ಪರೀಕ್ಷಿಸಿದರು. ಅಸಲಿ. ಕುತ್ತಿಗೆ ಆ ಮೈಯದೇ. ಕ್ಯುವಿಯೆ ತನ್ನ ಸಂಶಯ ತಪ್ಪು ಎಂದು ಒಪ್ಪಿಕೊಂಡ, ಅದು ಅವನ ದೊಡ್ಡತನ. ಮೇರಿಯ ಮಾತು ಅಂದಿನಿಂದ ನಡೆಯುವ ನಾಣ್ಯವಾಯಿತು.

1824ರ ಫೆಬ್ರುವರಿ 20ರ ಸಭೆಯಲ್ಲಿ ಕಾನಿಬೇರ್ ಪ್ಲೀಸಿಯೋಸಾರಸ್ ಕುರಿತು ಪ್ರಬಂಧ ಓದಿದ. ಅದೇ ಸಂಜೆ ಬಕ್ಲೆಂಡ್ ಮೆಗಲೋಸಾರಸ್ ಬಗ್ಗೆ ಓದಿದ, ವಿಜ್ಞಾನದಲ್ಲಿ ಹೆಸರು ಪಡೆದ ಮೊದಲ ಡೈನೋಸಾರ್ ಅದು. (ಇಕ್ತಿಯೋಸಾರ್, ಪ್ಲೀಸಿಯೋಸಾರ್ ಡೈನೋಸಾರ್‌ಗಳಲ್ಲ, ಅವು ಬೇರೆ ಬಳಗ. ನಮ್ಮಲ್ಲಿ ಎಲ್ಲವನ್ನೂ ಡೈನೋಸಾರ್ ಎಂದೇ ಕರೆದುಬಿಡುತ್ತಾರೆ.) ಒಂದೇ ಸಂಜೆಯಲ್ಲಿ ಇಂಥ ಎರಡು ಪ್ರಬಂಧ. ಕಾನಿಬೇರ್‌ನ ಪ್ರಬಂಧದಲ್ಲಿ ಆ ಪ್ರಾಣಿಯನ್ನು ಧರೆಯಿಂದ ಬಿಡಿಸಿ, ಶುಚಿ ಮಾಡಿ, ಚಿತ್ರ ಬರೆದವಳ ಹೆಸರು ಇರಲಿಲ್ಲ. ಅವಳು ಸಭೆಯಲ್ಲೂ ಇರಲಿಲ್ಲ. ಇದನ್ನು ಓದಿದಾಗ ನನಗೆ ಕೋಪ ಬಂತು. ಆಮೇಲೆ ಯೋಚಿಸಿದೆ, ಕಾನಿಬೇರ್ ಕೆಟ್ಟವನೇನಲ್ಲ. ವಸ್ತು ಕೊಂಡವನ ಹೆಸರು, ವಿವರಿಸಿದವನ ಹೆಸರು ಬರೆಯುವುದು, ಕೆಲಸ ಮಾಡಿದವರ ಹೆಸರು ಬಿಡುವುದು ಆ ಕಾಲದ ವಾಡಿಕೆ. ವಾಡಿಕೆಯಾದರೆ ಯಾರಿಗೂ ತಪ್ಪೆಂದು ಕಾಣುವುದಿಲ್ಲ, ನನಗೆ ಕೋಪ ಹೆಚ್ಚು ಬಂದದ್ದು ಅದಕ್ಕೇ.

1826ರ ಹೊತ್ತಿಗೆ ಮೇರಿ ಗಾಜಿನ ಕಿಟಕಿಯಿದ್ದ ಸ್ವಂತ ಅಂಗಡಿ ಮಾಡಿದಳು. 1828ರಲ್ಲಿ ರೆಕ್ಕೆಯ ಸರೀಸೃಪವೊಂದನ್ನು ಕಂಡುಹಿಡಿದಳು, ಜರ್ಮನಿಯ ಹೊರಗೆ ಸಿಕ್ಕ ಅಂಥ ಮೊದಲ ಅಸ್ಥಿಪಂಜರ. ಬೆಜೋರ್ ಕಲ್ಲು ಎಂದು ಕರೆಯುತ್ತಿದ್ದ ವಿಚಿತ್ರ ಉಂಡೆಗಳ ಕಥೆ ನಮ್ಮ ತರಗತಿಯವರಿಗೆ ನಗು ತರಿಸುತ್ತದೆ. ಆ ಉಂಡೆಗಳು ಇಕ್ತಿಯೋಸಾರ್‌ನ ಹೊಟ್ಟೆಯ ಜಾಗದಲ್ಲೇ ಸಿಗುತ್ತವೆ, ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ ಇರುತ್ತವೆ ಎಂಬುದನ್ನು ಮೇರಿ ಗಮನಿಸಿದಳು. ಅವು ಕಲ್ಲಾದ ಲದ್ದಿ. ಈ ಸುಳಿವಿನ ಮೇಲೆ ಬಕ್ಲೆಂಡ್ ಕೆಲಸ ಮಾಡಿ 1829ರಲ್ಲಿ ಕೊಪ್ರೊಲೈಟ್ ಎಂಬ ಹೆಸರು ಕೊಟ್ಟ. 20 ಕೋಟಿ ವರ್ಷ ಹಿಂದೆ ಯಾರು ಯಾರನ್ನು ತಿಂದರು ಎಂದು ತಿಳಿಯುವ ದಾರಿ ಹೀಗೆ ತೆರೆಯಿತು. 1830ರಲ್ಲಿ ಡಿ ಲಾ ಬೀಶ್ ಆ ಪ್ರಾಚೀನ ಸಮುದ್ರದ ಚಿತ್ರ ಬರೆದು, ಅಚ್ಚು ಹಾಕಿಸಿ, ಮಾರಿ ಬಂದ ಹಣವನ್ನು ಮೇರಿಗೆ ಕೊಟ್ಟ.

ವರ್ಗೀಕರಣದ ಬಗ್ಗೆ ಆಕೆಯ ಮಾತು ಅಚ್ಚಾದದ್ದು ಜೀವಮಾನದಲ್ಲಿ ಒಂದೇ ಸಲ. 1839ರಲ್ಲಿ, ಹೈಬೋಡಸ್ ಎಂಬ ಹಳೆಯ ಶಾರ್ಕಿನ ಪಳೆಯುಳಿಕೆಯೊಂದನ್ನು ಹೊಸ ಜೀನಸ್ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ನೆಟ್ಟನೆಯ ಹಲ್ಲು, ಕೊಕ್ಕೆಯ ಹಲ್ಲು ಎರಡೂ ಇರುವ ಇಂಥವನ್ನು ತಾನು ವರ್ಷಗಳ ಹಿಂದೆಯೇ ಕಂಡಿದ್ದೇನೆ, ಇದು ಹೊಸದಲ್ಲ ಎಂದು ಮೇರಿ ಪತ್ರ ಬರೆದಳು. ಒಂದು ತುಂಡು ಪತ್ರ, ಅಷ್ಟೇ. ಆದರೆ ಒಂದೇ ಮಾದರಿ ನೋಡಿ ಹೆಸರಿಡುವವರಿಗೂ ನೂರು ಮಾದರಿ ಕೈಯಾಡಿಸಿದವರಿಗೂ ಇರುವ ವ್ಯತ್ಯಾಸ ಅದರಲ್ಲಿದೆ.

ಕೆಲಸ ಕೊನೆಯವರೆಗೂ ಅಪಾಯದ್ದೇ. 1833ರಲ್ಲಿ ಧರೆ ಕುಸಿದು, ಸದಾ ಜೊತೆಗಿರುತ್ತಿದ್ದ ಟ್ರೇ ಎಂಬ ನಾಯಿ ಆಕೆಯ ಕಾಲ ಬಳಿಯೇ ಮುಚ್ಚಿಹೋಯಿತು. ಕೂಡಿಟ್ಟ ಹಣವೂ ಒಮ್ಮೆ ಮುಳುಗಿತು. ಬಕ್ಲೆಂಡ್ ಮೊದಲಾದವರು ಪ್ರಯತ್ನಿಸಿ ವರ್ಷಕ್ಕೆ 25 ಪೌಂಡ್ ವೇತನ ಗೊತ್ತುಮಾಡಿಸಿದರು. ಸ್ತನದ ಕ್ಯಾನ್ಸರ್‌ನಿಂದ 1847ರ ಮಾರ್ಚ್ 9ರಂದು, 47ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡಳು. ಆಗ ಜಿಯಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಡಿ ಲಾ ಬೀಶ್ ಸೊಸೈಟಿಯಲ್ಲಿ ಆಕೆಗೆ ಶ್ರದ್ಧಾಂಜಲಿ ಓದಿದ. ಬದುಕಿದ್ದಾಗ ಒಳಗೆ ಬರಲಾಗದ ಸಭೆ ಅದು. ಅಲ್ಲಿ ಮಹಿಳೆಯರು ಸದಸ್ಯರಾಗಲು 1919ರವರೆಗೆ ಕಾಯಬೇಕಾಯಿತು. ಲೈಮ್ ರೀಜಿಸ್‌ನಲ್ಲಿ ಆಕೆಯ ಪ್ರತಿಮೆ ನಿಂತದ್ದು 2022ರಲ್ಲಿ, ಅದೂ ಒಬ್ಬ ಶಾಲಾ ಹುಡುಗಿ ಶುರುಮಾಡಿದ ಅಭಿಯಾನದಿಂದ.

ಇದನ್ನೆಲ್ಲ ನಾನು ಹೇಳಿದಾಗ ಗೆಳತಿಯರು ಕೇಳಿದ ಮೊದಲ ಪ್ರಶ್ನೆ, ನಮ್ಮ ಶಿಕಾರಿಪುರ, ಸೊರಬದ ಕಡೆ ಇಂಥ ಮೂಳೆ ಸಿಗುವುದಿಲ್ಲವೇ ಎಂದು. ಸಿಗುವುದಿಲ್ಲ, ಏಕೆಂದರೆ ನಮ್ಮ ಕಲ್ಲು ತೀರಾ ಹಳೆಯದು. ಇಲ್ಲಿನ ಬಂಡೆಗಳು ಧಾರವಾಡ ಶ್ರೇಣಿಯವು, 250 ಕೋಟಿ ವರ್ಷಕ್ಕೂ ಹಿಂದಿನವು. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಬೇರೆ ಜೀವವಿರಲಿಲ್ಲ. ಮೂಳೆ ಎಂಬುದೇ ಹುಟ್ಟಿರಲಿಲ್ಲ. ಸಮುದ್ರ ಸರೀಸೃಪ ಬೇಕಾದರೆ ಪಕ್ಕದ ತಮಿಳುನಾಡಿಗೆ ಹೋಗಬೇಕು. ತಿರುಚಿರಾಪಳ್ಳಿ ಸೀಮೆಯ ಕಲ್ಲಿನಲ್ಲಿ ಸಿಕ್ಕ ಬೆನ್ನಿನ ಮಣಿಗಳನ್ನು ನೋಡಿ ರಿಚರ್ಡ್ ಲಿಡೆಕರ್ 1879ರಲ್ಲಿ ಇಕ್ತಿಯೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಮಣಿಗಳಷ್ಟರಿಂದ ಪ್ರಭೇದ ಹೇಳಲಾಗದು ಎಂದು ಈಗಿನ ತಜ್ಞರು ಆ ಹೆಸರನ್ನು ನೆಚ್ಚುವುದಿಲ್ಲ. ಗುಜರಾತಿನ ಕಛ್‌ನಲ್ಲಿ, ಲೋಡಾಯಿ ಊರಿನ ಬಳಿ ಸಿಕ್ಕ ಸುಮಾರು ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರ್ ಬಗ್ಗೆ 2017ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಜೊತೆಗಾರರು ಪ್ರಬಂಧ ಪ್ರಕಟಿಸಿದರು. ಅದು ಸುಮಾರು 15 ಕೋಟಿ ವರ್ಷ ಹಿಂದಿನದು. ಅವರು ಕುಟುಂಬ ಯಾವುದೆಂದು ಹೇಳಿದರು, ಪ್ರಭೇದಕ್ಕೆ ಹೆಸರಿಡಲಿಲ್ಲ. ಮೂಳೆ ಎಷ್ಟು ಹೇಳುತ್ತದೋ ಅಷ್ಟೇ ಹೇಳಿ ನಿಲ್ಲಿಸಿದರು.

ಮೇರಿಯ ಹೆಸರಿನ ವಿಷಯಕ್ಕೆ ಬಂದರೆ, ಆಕೆ ಬದುಕಿದ್ದಾಗ ಸ್ವಿಟ್ಜರ್‌ಲೆಂಡಿನ ಲೂಯಿ ಅಗಾಸಿ ಎರಡು ಪಳೆಯುಳಿಕೆ ಮೀನುಗಳಿಗೆ ಆಕೆಯ ಹೆಸರಿಟ್ಟಿದ್ದ. ಇಕ್ತಿಯೋಸಾರ್‌ಗೆ ಆ ಹೆಸರು ಬಂದದ್ದು 2015ರಲ್ಲಿ. ಇಂಗ್ಲೆಂಡಿನ ಡಾನ್‌ಕಾಸ್ಟರ್ ಮ್ಯೂಸಿಯಂನಲ್ಲಿ ಒಂದು ಅಸ್ಥಿಪಂಜರ ಪ್ಲಾಸ್ಟರ್ ನಕಲು ಎಂದುಕೊಂಡು ದಶಕಗಳ ಕಾಲ ಬಿದ್ದಿತ್ತು. 2008ರಲ್ಲಿ ಡೀನ್ ಲೋಮ್ಯಾಕ್ಸ್ ಎಂಬ ಯುವಕ ನೋಡಿ ಅದು ಅಸಲಿ ಎಂದು ಗುರುತಿಸಿದ. ಆತ ಮತ್ತು ಜೂಡಿ ಮಸಾರೆ ಹಲವು ವರ್ಷ ಬೇರೆ ಬೇರೆ ಮ್ಯೂಸಿಯಂಗಳ ಮಾದರಿಗಳೊಂದಿಗೆ ಹೋಲಿಸಿ, ತೋಳಿನ ಮತ್ತು ತೊಡೆಯ ಮೂಳೆಗಳ ಆಕಾರ ಉಳಿದೆಲ್ಲ ಪ್ರಭೇದಗಳಿಗಿಂತ ಬೇರೆ ಎಂದು ತೋರಿಸಿ, ಇಕ್ತಿಯೋಸಾರಸ್ ಆ್ಯನಿಂಗೇ ಎಂದು ಹೆಸರಿಟ್ಟರು. ಅದು ಸಿಕ್ಕದ್ದು ಮೇರಿ ಓಡಾಡಿದ ಅದೇ ಸಮುದ್ರದಂಡೆಯಲ್ಲಿ. ಅದರ ಹೊಟ್ಟೆಯ ಜಾಗದಲ್ಲಿ, ಕೊನೆಯ ಊಟದ ಸ್ಕ್ವಿಡ್‌ಗಳ ಸಣ್ಣ ಸಣ್ಣ ಕೊಕ್ಕೆಗಳು ಇನ್ನೂ ಹಾಗೇ ಇವೆ.